ಪಕ್ಕದ ವೃತ್ತಿಯಿಂದ ಸಮಾಜಕಾರ್ಯಕ್ಕೆ: ಕೋರ್ಸ್ ಸೇರುವ ಮುಂಚಿನ ತಯಾರಿ

13 ವರ್ಷದ ಒಬ್ಬ ಹುಡುಗಿ. ಎರಡು ತಿಂಗಳಿಂದ ವಾರಕ್ಕೆ ಎರಡು ದಿನ ಶಾಲೆ ತಪ್ಪಿಸುತ್ತಿದ್ದಾಳೆ. ಬಂದ ದಿನವೂ ಮಧ್ಯಾಹ್ನದ ಹೊತ್ತಿಗೆ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಾಳೆ.

ಇದನ್ನು ಟೀಚರ್ ನೋಡಿದರೆ ಹಾಜರಿ ಕಡಿಮೆಯಾಯಿತು, ಪಾಠ ಹಿಂದೆ ಬಿತ್ತು ಅನ್ನುತ್ತಾರೆ. ನರ್ಸ್ ಆದರೆ ರಕ್ತಹೀನತೆ ಇದೆಯಾ ಅಂತ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಾರೆ. ಸೈಕಾಲಜಿ ಓದಿದವರಿಗೆ ಖಿನ್ನತೆಯ ಗುಮಾನಿ ಬರುತ್ತದೆ. ವಕೀಲರಿಗೆ ಮಗುವನ್ನು ಯಾರಾದರೂ ದುಡಿಮೆಗೆ ಹಚ್ಚಿದ್ದಾರಾ ಅನ್ನುವ ಪ್ರಶ್ನೆ ಏಳುತ್ತದೆ. ನಾಲ್ಕೂ ಕೇಳಲೇಬೇಕಾದ ಪ್ರಶ್ನೆಗಳೇ.

ಸಮಾಜಕಾರ್ಯಕರ್ತರು ಇನ್ನೊಂದು ಕಡೆಯಿಂದ ಶುರು ಮಾಡುತ್ತಾರೆ. ತಪ್ಪಿಸುವುದು ಯಾವ ಎರಡು ದಿನ? ಆ ದಿನಗಳ ಹಿಂದಿನ ರಾತ್ರಿ ಮನೆಯಲ್ಲಿ ಯಾರಿರುತ್ತಾರೆ? ವಿಚಾರಿಸಿದರೆ ತಾಯಿಗೆ ಆ ರಾತ್ರಿಗಳಲ್ಲಿ ಪಾಳಿ ಕೆಲಸ. ಮನೆಯಲ್ಲಿ ಎರಡು ವರ್ಷದ ತಮ್ಮ, ಹಾಸಿಗೆ ಹಿಡಿದ ಅಜ್ಜ. ರಾತ್ರಿ ಇಬ್ಬರನ್ನೂ ನೋಡಿಕೊಳ್ಳುವುದು ಈ ಹುಡುಗಿಯೇ. ಈಗ ಕೆಲಸ ಮಾಡಬೇಕಾದ ಜಾಗಗಳು ಒಂದೊಂದಾಗಿ ಕಾಣುತ್ತವೆ: ತಾಯಿಯ ಪಾಳಿ ಬದಲಿಸುವ ಬಗ್ಗೆ ಮಾಲೀಕರ ಜೊತೆ ಮಾತು, ಅಜ್ಜನಿಗೆ ಸಿಗಬೇಕಾದ ನೆರವಿನ ಅರ್ಜಿ, ಮಗುವನ್ನು ನೋಡಿಕೊಳ್ಳಲು ಬೇರೆ ಏರ್ಪಾಡು, ಶಾಲೆಯಲ್ಲಿ ಸ್ವಲ್ಪ ಸಡಿಲಿಕೆ. ಇದೆಲ್ಲಕ್ಕೂ ಮೊದಲು ಹುಡುಗಿಯನ್ನೇ ಕೇಳಬೇಕು, ನಿನಗೇನು ಬೇಕು ಅಂತ. ತಮ್ಮನನ್ನು ಬೇರೆಯವರ ಕೈಗೆ ಕೊಡುವುದು ಅವಳಿಗೆ ಸುತರಾಂ ಇಷ್ಟವಿಲ್ಲದಿರಬಹುದು.

ಓದುವಾಗ ಇದು ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಹತ್ತು ವರ್ಷ ಬೇರೆ ವೃತ್ತಿಯಲ್ಲಿದ್ದವರಿಗೆ ಸುಲಭವಲ್ಲ. ಅವರ ಕಣ್ಣು ಆಗಲೇ ಒಂದು ಕಡೆ ಪಳಗಿರುತ್ತದೆ. ಕೈ ತಾನಾಗಿಯೇ ಹಳೇ ಕೆಲಸದ ಕಡೆ ಓಡುತ್ತದೆ. ನರ್ಸಿಂಗ್, ಬೋಧನೆ, ಮನಶ್ಶಾಸ್ತ್ರ, ಕಾನೂನು, ಸ್ವಯಂಸೇವಾ ಸಂಸ್ಥೆ, ಮಾನವ ಸಂಪನ್ಮೂಲ ವಿಭಾಗ, ಇಂಥ ಕಡೆಗಳಿಂದ ಸಮಾಜಕಾರ್ಯ ಓದಲು ಬರುವವರು ತಯಾರಿ ಅಂದರೆ ಪುಸ್ತಕ ಓದಿಕೊಳ್ಳುವುದು ಅಂದುಕೊಳ್ಳುತ್ತಾರೆ. ಅದೂ ಬೇಕು. ಆದರೆ ನನ್ನ ಪ್ರಕಾರ ಮೊದಲ ತಯಾರಿ ಬೇರೆಯೇ ಇದೆ. ನಮ್ಮ ಕೈ ಯಾವ ಕಡೆ ಓಡುತ್ತದೆ ಅಂತ ಗುರುತು ಹಿಡಿಯುವುದು.

ಈ ವೃತ್ತಿ ಕಟ್ಟಿದವರೂ ಹೊರಗಿನಿಂದಲೇ ಬಂದವರು

ಬೇರೆ ಕಡೆಯಿಂದ ಬರುತ್ತಿದ್ದೇನೆ ಅಂತ ಹಿಂಜರಿಯುವವರು ಸ್ವಲ್ಪ ಇತಿಹಾಸ ನೋಡಬೇಕು. 1905ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರಿಚರ್ಡ್ ಕ್ಯಾಬಟ್ ಅನ್ನುವ ವೈದ್ಯರು ಸಮಾಜಕಾರ್ಯ ವಿಭಾಗ ಶುರು ಮಾಡಿದರು. ಔಷಧಿ ಬರೆದುಕೊಟ್ಟರೂ ರೋಗಿಗಳು ವಾಸಿಯಾಗುತ್ತಿಲ್ಲ, ಕಾರಣ ಅವರ ಮನೆಯಲ್ಲಿ, ದುಡಿಮೆಯಲ್ಲಿ ಇದೆ ಅನ್ನುವುದು ಅವರಿಗೆ ಗೊತ್ತಾಗಿತ್ತು. ಅಲ್ಲಿ ಮೊದಲು ಕೆಲಸಕ್ಕೆ ಸೇರಿದ ಗಾರ್ನೆಟ್ ಪೆಲ್ಟನ್ ನರ್ಸ್ ಆಗಿದ್ದವರು. ಆಮೇಲೆ ಬಂದ ಐಡಾ ಕ್ಯಾನನ್ ಕೂಡ ನರ್ಸೇ. ಮನೆಮನೆಗೆ ಹೋಗಿ ಶುಶ್ರೂಷೆ ಮಾಡುತ್ತಿದ್ದ ಅವರು ಬಾಸ್ಟನ್‌ಗೆ ಬಂದು ಸಮಾಜಕಾರ್ಯ ಶಾಲೆ ಸೇರಿದರು. ಆ ಆಸ್ಪತ್ರೆಯ ವಿಭಾಗವನ್ನು 1945ರವರೆಗೂ ನಡೆಸಿದರು. ಆಸ್ಪತ್ರೆಗಳಲ್ಲಿ ಇವತ್ತು ಕಾಣುವ ವೈದ್ಯಕೀಯ ಸಮಾಜಕಾರ್ಯಕ್ಕೆ ರೂಪ ಕೊಟ್ಟವರಲ್ಲಿ ಅವರು ಮುಖ್ಯರು.

ಇನ್ನೊಂದು ಘಟನೆ ಇದಕ್ಕಿಂತ ಸ್ವಾರಸ್ಯದ್ದು. 1915ರಲ್ಲಿ ಬಾಲ್ಟಿಮೋರ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಒಂದು ಭಾಷಣ ಮಾಡಿದರು. ಅಮೆರಿಕದ ವೈದ್ಯಕೀಯ ಶಿಕ್ಷಣವನ್ನು ತಮ್ಮ ವರದಿಯಿಂದ ಅಲುಗಾಡಿಸಿದ್ದವರು ಅವರು. ಸಮಾಜಕಾರ್ಯ ಪೂರ್ತಿ ಅರ್ಥದಲ್ಲಿ ಒಂದು ವೃತ್ತಿ ಅಲ್ಲ ಅಂದುಬಿಟ್ಟರು. ಅವರ ವಾದ ಇಷ್ಟು: ಕಾಯಿಲೆ ಇದ್ದರೆ ಇವರು ವೈದ್ಯರನ್ನು ಕರೆಯುತ್ತಾರೆ, ವ್ಯಾಜ್ಯ ಇದ್ದರೆ ವಕೀಲರನ್ನು ಕರೆಯುತ್ತಾರೆ, ಮಧ್ಯೆ ನಿಂತು ಜೋಡಿಸುತ್ತಾರೆ, ಆದರೆ ತಮ್ಮದೇ ಅನ್ನುವ ವಿದ್ಯೆ ಎಲ್ಲಿದೆ? ಇದಕ್ಕೆ ಉತ್ತರ ಹುಡುಕುತ್ತಲೇ ಆ ಕ್ಷೇತ್ರ ಬೆಳೆಯಿತು. ಎರಡು ವರ್ಷದಲ್ಲಿ, 1917ರಲ್ಲಿ, ಮೇರಿ ರಿಚ್ಮಂಡ್ ಒಬ್ಬ ವ್ಯಕ್ತಿಯ ಪರಿಸ್ಥಿತಿಯನ್ನು ಹೇಗೆ ವಿಚಾರಿಸಬೇಕು, ಸಿಕ್ಕ ಮಾಹಿತಿಯನ್ನು ಹೇಗೆ ತೂಗಬೇಕು ಅಂತ ದೊಡ್ಡ ಗ್ರಂಥವನ್ನೇ ಬರೆದರು. ಮನುಷ್ಯನನ್ನು ಅವನ ಸುತ್ತಲಿನ ಪರಿಸ್ಥಿತಿಯ ಸಮೇತ ನೋಡುವುದು ಈ ವಿದ್ಯೆಯ ಬೆನ್ನೆಲುಬಾಯಿತು. ಫ್ಲೆಕ್ಸ್‌ನರ್ ಕೊರತೆ ಅಂದ ಆ ಜೋಡಿಸುವ ಕೆಲಸ ಎಷ್ಟು ಕಷ್ಟದ್ದು ಅಂತ ಆಸ್ಪತ್ರೆ, ಶಾಲೆ, ಕೋರ್ಟುಗಳಲ್ಲಿ ದುಡಿದವರಿಗೆ ಚೆನ್ನಾಗಿ ಗೊತ್ತು. ಬಹಳ ಜನ ಹಳೇ ಕೆಲಸ ಬಿಟ್ಟು ಇತ್ತ ಬರುವುದೂ ಅಲ್ಲಿ ಜೋಡಿಸುವವರು ಯಾರೂ ಇಲ್ಲದ್ದನ್ನು ನೋಡಿ ಬೇಸತ್ತೇ.

ಹಳೇ ಕೆಲಸದ ಅಭ್ಯಾಸಗಳು

ನರ್ಸಿಂಗ್‌ನಿಂದ ಬರುವವರಿಗೆ ದೊಡ್ಡ ಅನುಕೂಲಗಳಿವೆ. ನೋವಿನಲ್ಲಿರುವವರ ಪಕ್ಕ ಗಾಬರಿಯಾಗದೆ ಕೂರಲು ಬರುತ್ತದೆ. ದಾಖಲೆ ಬರೆಯುವ ಶಿಸ್ತು ಇರುತ್ತದೆ. ಗುಟ್ಟು ಕಾಪಾಡುವುದು ರಕ್ತದಲ್ಲೇ ಇಳಿದಿರುತ್ತದೆ. ತೊಡಕು ಇರುವುದು ವೇಗದಲ್ಲಿ. ವಾರ್ಡಿನಲ್ಲಿ ಸಮಸ್ಯೆ ಕಂಡರೆ ಆಗಲೇ ಏನಾದರೂ ಮಾಡಬೇಕು, ಪಾಳಿ ಮುಗಿಯುವುದರೊಳಗೆ ಮಾಡಬೇಕು. ಸಮಾಜಕಾರ್ಯದಲ್ಲಿ ಮೊದಲ ಮೂರು ಭೇಟಿಯಲ್ಲಿ ಏನೂ ಮಾಡದೆ ಕೇಳಿಸಿಕೊಳ್ಳುವುದೇ ಕೆಲಸವಾಗಿರಬಹುದು. ಇನ್ನೊಂದು ತೊಡಕು ಇದೆ. ಆಸ್ಪತ್ರೆಯಲ್ಲಿ ಹೇಳಿದ್ದನ್ನು ರೋಗಿ ಪಾಲಿಸದಿದ್ದರೆ ಅದು ರೋಗಿಯ ತಪ್ಪು ಅಂತ ಬರೆದುಕೊಳ್ಳುವ ರೂಢಿ. ಇಲ್ಲಿ ಅದೇ ವಿಷಯ ಪ್ರಶ್ನೆಯಾಗಿ ತಿರುಗುತ್ತದೆ: ಪಾಲಿಸಲು ಅವರಿಗೆ ಅಡ್ಡ ಬಂದದ್ದೇನು? ಮಾತ್ರೆ ಊಟದ ಜೊತೆ ತೆಗೆದುಕೊಳ್ಳಿ ಅಂದಿದ್ದೀರಿ, ಊಟ ದಿನಕ್ಕೆ ಒಂದೇ ಸಲ ಇದ್ದರೆ?

ಮನಶ್ಶಾಸ್ತ್ರದಿಂದ ಬರುವವರ ವಿಷಯ ಸೂಕ್ಷ್ಮ. ಓದಿನಲ್ಲಿ ಇವರಷ್ಟು ಹತ್ತಿರದವರು ಇನ್ನಾರೂ ಇಲ್ಲ. ಹಾಗಾಗಿಯೇ ಇವರು ಎಡವುವುದೂ ಜಾಸ್ತಿ. ಬೆಳವಣಿಗೆಯ ಹಂತಗಳು, ಆಪ್ತಸಮಾಲೋಚನೆಯ ಕೌಶಲಗಳು ಎಲ್ಲ ಗೊತ್ತು, ಹೊಸದೇನಿದೆ ಅನ್ನಿಸಿಬಿಡುತ್ತದೆ. ಒಬ್ಬ ವ್ಯಕ್ತಿ ತನ್ನ ಬಾಡಿಗೆ ಮನೆ ಖಾಲಿ ಮಾಡಬೇಕಾದ ಆತಂಕದಲ್ಲಿ ನಿದ್ದೆ ಇಲ್ಲದೆ ಒದ್ದಾಡುತ್ತಿದ್ದರೆ ಆತಂಕವನ್ನು ಹೇಗೆ ಸಂಭಾಳಿಸುವುದು ಅಂತ ಕಲಿಸಬಹುದು. ಅಥವಾ ಮನೆ ಮಾಲೀಕ ಕೊಟ್ಟ ನೋಟಿಸ್ ಕಾನೂನು ಪ್ರಕಾರ ಇದೆಯಾ ಅಂತ ನೋಡಬಹುದು. ಸಮಾಜಕಾರ್ಯದ ವಿದ್ಯಾರ್ಥಿ ಎರಡನ್ನೂ ಮಾಡಬೇಕು. ಕೆಲವು ಸಲ ಎರಡನೆಯದನ್ನೇ ಮೊದಲು ಮಾಡಬೇಕು. ಕಚೇರಿಯೊಂದರ ಸಾಲಿನಲ್ಲಿ ಸೇವಾರ್ಥಿಯ (ನೆರವು ಕೇಳಿ ಬಂದವರ) ಜೊತೆ ಎರಡು ಗಂಟೆ ನಿಲ್ಲುವುದು ತನ್ನ ಓದಿಗೆ ತಕ್ಕ ಕೆಲಸ ಅಲ್ಲ ಅಂತ ಒಳಗೊಳಗೇ ಅನ್ನಿಸಿದರೆ ಈ ಕೋರ್ಸ್ ಕಷ್ಟವಾಗುತ್ತದೆ. ಕೋಣೆಯೊಳಗಿನ ಮಾತೇ ಇಷ್ಟ ಅನ್ನುವವರಿಗೆ ಕ್ಲಿನಿಕಲ್ ಸೈಕಾಲಜಿ ಅಥವಾ ಆಪ್ತಸಮಾಲೋಚನೆಯ ಕೋರ್ಸೇ ಸರಿಯಾದ ದಾರಿ. ಇದನ್ನು ಸೇರುವ ಮುಂಚೆ ತೀರ್ಮಾನಿಸಿದರೆ ಎರಡು ವರ್ಷ ಉಳಿಯುತ್ತದೆ.

ಟೀಚರ್‌ಗಳು ಜಾಸ್ತಿ ಮಾತಾಡುತ್ತಾರೆ. ಕೋಪ ಮಾಡಿಕೊಳ್ಳಬೇಡಿ, ಅದು ವೃತ್ತಿ ಕಲಿಸಿದ್ದು. ತರಗತಿಯಲ್ಲಿ ಮೌನ ಆದರೆ ಅದನ್ನು ತುಂಬಬೇಕು. ಸಂದರ್ಶನದಲ್ಲಿ ಮೌನ ಆದರೆ ಕಾಯಬೇಕು. ಉತ್ತರ ಗೊತ್ತಿದ್ದೂ ಹೇಳದೆ ಇರುವುದನ್ನು ಅಭ್ಯಾಸ ಮಾಡಿಕೊಳ್ಳಿ.

ವಕೀಲರಿಗೆ ಹಕ್ಕು, ಕಾಯ್ದೆ, ಅರ್ಜಿ ಎಲ್ಲ ನೀರು ಕುಡಿದಷ್ಟು ಸುಲಭ. ಅವರಿಗೆ ಕಷ್ಟವಾಗುವುದು ಎರಡೂ ಪಕ್ಷ ಒಂದೇ ಮನೆಯಲ್ಲಿ ಇರುವಾಗ. ಮಗುವಿನ ಹಿತ, ತಾಯಿಯ ಇಷ್ಟ, ಅಜ್ಜನ ಅಗತ್ಯ ಒಂದಕ್ಕೊಂದು ಅಡ್ಡ ಬರುವಾಗ ಯಾರ ಪರ ವಾದಿಸುವುದು? ಗೌಪ್ಯತೆಯ ನಿಯಮವೂ ಬೇರೆ. ಅನೇಕ ದೇಶಗಳಲ್ಲಿ ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದೆ ಅಂತ ಗೊತ್ತಾದರೆ ಅದನ್ನು ವರದಿ ಮಾಡುವುದು ಸಮಾಜಕಾರ್ಯಕರ್ತರ ಕಾನೂನುಬದ್ಧ ಹೊಣೆ. ಕಕ್ಷಿದಾರ ಹೇಳಿದ್ದು ಹೊರಗೆ ಹೋಗಕೂಡದು ಅಂತ ವರ್ಷಗಟ್ಟಲೆ ಪಾಲಿಸಿದವರಿಗೆ ಇದು ಮೊದಮೊದಲು ಕಸಿವಿಸಿ ಉಂಟುಮಾಡುತ್ತದೆ.

ಸ್ವಯಂಸೇವಾ ಸಂಸ್ಥೆಯಲ್ಲಿ ಆಗಲೇ ಇದೇ ಕೆಲಸ ಮಾಡುತ್ತಿರುವವರು ಪದವಿ ಪತ್ರಕ್ಕಾಗಿ ಮಾತ್ರ ಬರುತ್ತಿದ್ದೇನೆ ಅನ್ನುವುದುಂಟು. ಅವರಿಗೆ ಒಂದೇ ಮಾತು. ನೀವು ಮಾಡುವ ಹತ್ತು ಕೆಲಸಗಳಲ್ಲಿ ಯಾವುದನ್ನು ಯಾಕೆ ಹಾಗೆ ಮಾಡುತ್ತೀರಿ ಅಂತ ಬಿಡಿಸಿ ಹೇಳಲು ಈಗ ಬರುತ್ತದಾ, ಪ್ರಯತ್ನಿಸಿ ನೋಡಿ.

ಅನುಭವಕ್ಕೆ ರಿಯಾಯಿತಿ ಇದೆಯಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಹದಿನೈದು ವರ್ಷ ಜನರ ಮಧ್ಯೆ ಕೆಲಸ ಮಾಡಿದ್ದೇನೆ, ಒಂದಿಷ್ಟು ಪೇಪರ್ ಕಡಿಮೆ ಮಾಡುತ್ತಾರಾ? ಅಮೆರಿಕದಲ್ಲಿ ಉತ್ತರ ಖಡಾಖಂಡಿತ ಇಲ್ಲ. ಅಲ್ಲಿನ ಸಮಾಜಕಾರ್ಯ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಮಂಡಳಿಯ ನಿಯಮದ ಪ್ರಕಾರ ಜೀವನಾನುಭವಕ್ಕಾಗಲಿ ಹಿಂದಿನ ಉದ್ಯೋಗಕ್ಕಾಗಲಿ ಕ್ರೆಡಿಟ್ ಕೊಡುವಂತಿಲ್ಲ. ಸ್ನಾತಕೋತ್ತರ ಕೋರ್ಸನ್ನು ಬೇಗ ಮುಗಿಸುವ ಸೌಲಭ್ಯ ಇರುವುದು ಸಮಾಜಕಾರ್ಯದಲ್ಲೇ ಮಾನ್ಯತೆ ಪಡೆದ ಪದವಿ ಮಾಡಿದವರಿಗೆ. ಸೈಕಾಲಜಿ, ಸಮಾಜಶಾಸ್ತ್ರದ ಪದವಿಗೆ ಅದು ಸಿಗುವುದಿಲ್ಲ. ಇಂಗ್ಲೆಂಡ್‌ನಲ್ಲಿ ಬೇರೆ ವಿಷಯದ ಪದವೀಧರರಿಗೆ ಎರಡು ವರ್ಷದ ಸ್ನಾತಕೋತ್ತರ ದಾರಿ ಇದೆ. ಅದಕ್ಕಿಂತ ಬೇಗ ಮುಗಿಯುವ, ಕೆಲಸ ಮಾಡುತ್ತಲೇ ಕಲಿಯುವ ದಾರಿಗಳೂ ಇವೆ. ಭಾರತದಲ್ಲಿ ಬಹುತೇಕ ವಿಶ್ವವಿದ್ಯಾಲಯಗಳು ಯಾವುದೇ ವಿಷಯದ ಪದವಿ ಇದ್ದರೂ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಅರ್ಜಿ ಸ್ವೀಕರಿಸುತ್ತವೆ, ಆದರೆ ಕೋರ್ಸ್ ಎಲ್ಲರಿಗೂ ಅಷ್ಟೇ.

ಇನ್ನೊಂದು ವಿಚಾರಿಸಿಕೊಳ್ಳಬೇಕು. ಬ್ರಿಟನ್‌ನಂಥ ಕೆಲವು ದೇಶಗಳಲ್ಲಿ ನೋಂದಣಿ ಇಲ್ಲದೆ ಸೋಶಿಯಲ್ ವರ್ಕರ್ ಅಂತ ಕರೆದುಕೊಳ್ಳುವುದೇ ಅಪರಾಧ. ಮುಂದೆ ಬೇರೆ ದೇಶಕ್ಕೆ ಹೋಗುವ ಯೋಚನೆ ಇದ್ದರೆ ನೀವು ಸೇರುವ ಕೋರ್ಸ್‌ಗೆ ಅಲ್ಲಿ ಮಾನ್ಯತೆ ಇದೆಯಾ ಅಂತ ಈಗಲೇ ನೋಡಿ. ಓದು ಮುಗಿದ ಮೇಲೆ ನೋಡಿದರೆ ಪ್ರಯೋಜನ ಇಲ್ಲ.

ಅನುಭವಕ್ಕೆ ಕ್ರೆಡಿಟ್ ಕೊಡದಿರುವುದು ಅನ್ಯಾಯ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಕೋರ್ಸ್ ನಡೆಸುವವರು ಕೇಳುತ್ತಿರುವುದು ಎಷ್ಟು ವರ್ಷ ಮಾಡಿದಿರಿ ಅಂತ ಅಲ್ಲ. ಮೇಲ್ವಿಚಾರಣೆಯಲ್ಲಿ, ಮಾಡಿದ್ದನ್ನೆಲ್ಲ ಬರೆದು, ಬೇರೆಯವರ ಮುಂದಿಟ್ಟು, ಯಾಕೆ ಹೀಗೆ ಮಾಡಿದೆ ಅನ್ನುವ ಪ್ರಶ್ನೆಗೆ ಉತ್ತರ ಕೊಡುತ್ತಾ ಮಾಡಿದ್ದೀರಾ ಅಂತ. ಕೋರ್ಸ್‌ನ ಭಾಗವಾಗಿ ಸಂಸ್ಥೆಗಳಿಗೆ ಹೋಗಿ ಹೀಗೆ ಮಾಡುವ ಕೆಲಸವನ್ನೇ ಕ್ಷೇತ್ರಕಾರ್ಯ ಅನ್ನುವುದು.

ಕ್ಷೇತ್ರಕಾರ್ಯಕ್ಕೆ ಜೀವನ ಸರಿಹೊಂದಿಸಿಕೊಳ್ಳುವುದು

ಕೋರ್ಸ್ ಬಿಟ್ಟು ಹೋಗುವವರಲ್ಲಿ ಎಷ್ಟೋ ಜನ ಪರೀಕ್ಷೆಗೆ ಹೆದರಿ ಬಿಡುವುದಿಲ್ಲ. ಕ್ಷೇತ್ರಕಾರ್ಯಕ್ಕೆ ಸಮಯ ಹೊಂದಿಸಲಾಗದೆ ಬಿಡುತ್ತಾರೆ. ಅಮೆರಿಕದಲ್ಲಿ ಪದವಿಗೆ ಕನಿಷ್ಠ 400 ಗಂಟೆ, ಸ್ನಾತಕೋತ್ತರಕ್ಕೆ ಕನಿಷ್ಠ 900 ಗಂಟೆ. ಆಸ್ಟ್ರೇಲಿಯಾದಲ್ಲಿ 1000 ಗಂಟೆ. ಇಂಗ್ಲೆಂಡ್‌ನಲ್ಲಿ ಲೆಕ್ಕ ದಿನಗಳಲ್ಲಿ, 170 ದಿನ ಸಂಸ್ಥೆಗಳಲ್ಲಿ, 30 ದಿನ ಕೌಶಲ ತರಬೇತಿ. ಭಾರತದಲ್ಲಿ ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಸಂಸ್ಥೆಗೆ ಹೋಗಬೇಕು, ಕೊನೆಯಲ್ಲಿ ಒಂದು ತಿಂಗಳಷ್ಟು ಸತತ ತರಬೇತಿ. ಹೆಚ್ಚಿನ ಕಡೆ ಇದಕ್ಕೆ ಸಂಬಳ ಇಲ್ಲ.

ಒಂದು ಲೆಕ್ಕ ಹಾಕಿ. 900 ಗಂಟೆಯನ್ನು ದಿನಕ್ಕೆ ಎಂಟು ಗಂಟೆಯಂತೆ ಭಾಗಿಸಿದರೆ 112 ದಿನಕ್ಕಿಂತ ಜಾಸ್ತಿ. ಅದೂ ಹಗಲು ಹೊತ್ತು, ಕಚೇರಿಗಳು ತೆರೆದಿರುವ ಹೊತ್ತು. ಸಂಜೆ ಕಾಲೇಜಿಗೆ ಹೋಗಿ ಕೆಲಸ ಬಿಡದೆ ಓದುತ್ತೇನೆ ಅನ್ನುವ ಯೋಜನೆ ಇಲ್ಲೇ ಮುಗ್ಗರಿಸುವುದು. ಹೀಗಾಗಿ ಅರ್ಜಿ ಹಾಕುವ ಮುಂಚೆ ಮೂರು ಜನರ ಜೊತೆ ಮಾತಾಡಬೇಕು. ಈಗಿನ ಕೆಲಸದ ಮೇಲಧಿಕಾರಿ ಜೊತೆ, ರಜೆ ಅಥವಾ ಕಡಿಮೆ ಸಮಯದ ಕೆಲಸ ಸಾಧ್ಯವಾ ಅಂತ. ಮನೆಯವರ ಜೊತೆ, ಒಂದೂವರೆ ಎರಡು ವರ್ಷ ಆದಾಯ ಕಡಿಮೆಯಾದರೆ ನಡೆಯುತ್ತದಾ ಅಂತ. ಕೋರ್ಸ್‌ನ ಕ್ಷೇತ್ರಕಾರ್ಯ ಸಂಯೋಜಕರ ಜೊತೆ, ಈಗಿನ ಕೆಲಸದ ಜಾಗದಲ್ಲೇ ಕ್ಷೇತ್ರಕಾರ್ಯ ಮಾಡಲು ಬಿಡುತ್ತಾರಾ ಅಂತ. ಕೆಲವು ಕಡೆ ಬಿಡುತ್ತಾರೆ, ಆದರೆ ಕೆಲಸವೂ ಮೇಲ್ವಿಚಾರಕರೂ ಬೇರೆಯಾಗಿರಬೇಕು ಅನ್ನುವ ಷರತ್ತು ಸಾಮಾನ್ಯ. ನರ್ಸ್ ಆಗಿದ್ದ ವಾರ್ಡಿನಲ್ಲೇ ವಿದ್ಯಾರ್ಥಿಯಾಗಿ ಕೂರುವುದು ಯಾರಿಗೂ ಒಳ್ಳೆಯದಲ್ಲ ಬಿಡಿ. ನಿನ್ನೆ ತನಕ ಸಿಸ್ಟರ್ ಅಂತ ಕರೆದವರು ಇವತ್ತು ಬೇರೆ ಥರ ನೋಡಬೇಕು ಅಂದರೆ ಹೇಗೆ?

ಕಾಗದಪತ್ರದ ವಿಷಯವೂ ಇದೆ. ಮಕ್ಕಳು, ವೃದ್ಧರು, ಅಂಗವಿಕಲರ ಜೊತೆ ಕೆಲಸ ಮಾಡುವ ಸಂಸ್ಥೆಗಳು ಪೊಲೀಸ್ ತಪಾಸಣಾ ಪತ್ರ ಕೇಳಬಹುದು. ಲಸಿಕೆಯ ದಾಖಲೆ ಕೇಳಬಹುದು. ಇವಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಮೊದಲೇ ಮಾಡಿಸಿಟ್ಟುಕೊಳ್ಳಿ.

ಬರವಣಿಗೆ

ನನ್ನ ಮಟ್ಟಿಗೆ ಸೇರುವ ಮುಂಚೆ ಮನೆಯಲ್ಲೇ ಕೂತು ಮಾಡಬಹುದಾದ ತಯಾರಿಗಳಲ್ಲಿ ಇದೇ ದೊಡ್ಡದು. ಸಮಾಜಕಾರ್ಯದ ವಿದ್ಯಾರ್ಥಿ ಬರೆಯುವ ವರದಿಗೆ ಪ್ರೋಸೆಸ್ ರೆಕಾರ್ಡಿಂಗ್ ಅನ್ನುತ್ತಾರೆ. ಭೇಟಿಯಲ್ಲಿ ಯಾರು ಏನಂದರು, ಆಗ ನನಗೇನನ್ನಿಸಿತು, ನಾನು ಯಾಕೆ ಆ ಪ್ರಶ್ನೆ ಕೇಳಿದೆ, ಹೀಗೆ ಮಾತಿಗೆ ಮಾತು ಬರೆಯಬೇಕು. ಮೇಲ್ವಿಚಾರಕರು ಅದನ್ನು ಓದಿ ಅಂಚಿನಲ್ಲಿ ಪ್ರಶ್ನೆ ಬರೆಯುತ್ತಾರೆ. ವಾರ್ಡಿನ ಚಾರ್ಟ್, ಶಾಲೆಯ ರಿಜಿಸ್ಟರ್, ಕೋರ್ಟಿನ ಅಫಿಡವಿಟ್ ಯಾವುದೂ ಈ ಥರ ಇರುವುದಿಲ್ಲ. ಅಲ್ಲೆಲ್ಲ ಬರೆಯುವವರು ಕಾಣಿಸಿಕೊಳ್ಳಬಾರದು. ಇಲ್ಲಿ ಕಾಣಿಸಿಕೊಳ್ಳಲೇಬೇಕು.

ಮೊದಲು ಕಲಿಯಬೇಕಾದದ್ದು ಕಂಡದ್ದನ್ನೂ ಅಂದುಕೊಂಡದ್ದನ್ನೂ ಬೇರೆ ಮಾಡುವುದು. ಆ ಹುಡುಗಿಯ ವಿಷಯದಲ್ಲೇ ಯಾರೋ ಹೀಗೆ ಬರೆದರು ಅಂದುಕೊಳ್ಳಿ: "ತಾಯಿಗೆ ಮಗಳ ಓದಿನಲ್ಲಿ ಆಸಕ್ತಿ ಇಲ್ಲ. ಸಹಕರಿಸಲಿಲ್ಲ."

ಇದರಲ್ಲಿ ನಡೆದದ್ದು ಏನೂ ಇಲ್ಲ, ಇರುವುದೆಲ್ಲ ತೀರ್ಪು. ಇದನ್ನೇ ಬಿಡಿಸಿ ಬರೆದರೆ ಹೀಗಾಗುತ್ತದೆ: "ಬೆಳಿಗ್ಗೆ ಹತ್ತು ಗಂಟೆಗೆ ಹೋದೆ. ತಾಯಿ ಬಾಗಿಲು ತೆರೆದರು, ಒಳಗೆ ಕರೆಯಲಿಲ್ಲ. ಕಣ್ಣು ಕೆಂಪಗಿದ್ದವು. ಶಾಲೆಯ ಬಗ್ಗೆ ಕೇಳಿದಾಗ 'ಆಮೇಲೆ ಮಾತಾಡೋಣ' ಅಂದರು. ಯಾವಾಗ ಅಂತ ಕೇಳಿದೆ, ಉತ್ತರಿಸಲಿಲ್ಲ. ನನಗೆ ಅವಮಾನ ಆದಂತೆ ಅನ್ನಿಸಿತು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದರೇನೋ, ಅದನ್ನು ನಾನು ಕೇಳಲಿಲ್ಲ."

ಎರಡನೇ ಬರಹ ಉದ್ದ ಇದೆ, ಆದರೆ ಅದರಿಂದ ಮುಂದಿನ ಹೆಜ್ಜೆ ಹೊರಡುತ್ತದೆ. ಹತ್ತು ಗಂಟೆಗೆ ಹೋಗಬಾರದು, ಸಂಜೆ ಹೋಗಬೇಕು. ಮೊದಲನೆಯದರಿಂದ ಏನು ಹೊರಡುತ್ತದೆ? ಏನೂ ಇಲ್ಲ. ಅದಕ್ಕಿಂತ ಕೆಟ್ಟದ್ದು, ಆ ಎರಡು ಸಾಲು ಕಡತದಲ್ಲಿ ಉಳಿದು ಮುಂದೆ ಬರುವ ಪ್ರತಿಯೊಬ್ಬ ಅಧಿಕಾರಿಯೂ ತಾಯಿಯನ್ನು ಅದೇ ಕಣ್ಣಿನಿಂದ ನೋಡುವ ಹಾಗಾಗುತ್ತದೆ.

ಅಭ್ಯಾಸ ಮಾಡುವುದು ಸುಲಭ. ಈಗಿನ ಕೆಲಸದಲ್ಲಿ ದಿನಕ್ಕೊಂದು ಮಾತುಕತೆ ಆರಿಸಿಕೊಳ್ಳಿ. ಹೆಸರು, ಗುರುತು ಬಿಟ್ಟು ಒಂದು ಪುಟ ಬರೆಯಿರಿ. ಮಾರನೇ ದಿನ ಓದಿ ತೀರ್ಪಿನ ಪದಗಳ ಕೆಳಗೆ ಗೆರೆ ಎಳೆಯಿರಿ: ಸೋಮಾರಿ, ಹಟಮಾರಿ, ಬೇಜವಾಬ್ದಾರಿ, ನಾಟಕ. ಪ್ರತಿಯೊಂದರ ಬದಲು ಕಂಡದ್ದೇನು ಅಂತ ಬರೆಯಿರಿ. ಕೆಲವೇ ವಾರಗಳಲ್ಲಿ ನಿಮಗೆ ಯಾವ ಥರದ ಜನರ ಮೇಲೆ ಬೇಗ ಸಿಟ್ಟು ಬರುತ್ತದೆ ಅನ್ನುವುದು ನಿಮ್ಮ ಬರಹದಲ್ಲೇ ಕಾಣಿಸುತ್ತದೆ. ಗೊತ್ತಿರಲಿ, ಆ ಥರದವರೇ ಕ್ಷೇತ್ರಕಾರ್ಯದಲ್ಲಿ ಮೊದಲು ಎದುರಾಗುತ್ತಾರೆ. ತಮಾಷೆಗೆ ಹೇಳಿದೆ, ಆದರೆ ಪೂರ್ತಿ ತಮಾಷೆಯೂ ಅಲ್ಲ.

ಒಂದು ನಕ್ಷೆ, ಸ್ವಲ್ಪ ಓದು

ಪರಿಸ್ಥಿತಿಯ ಸಮೇತ ನೋಡುವುದು ಅಂದೆನಲ್ಲ, ಅದಕ್ಕೆ ಒಂದು ಸಾಧನ ಇದೆ. ಇಕೋಮ್ಯಾಪ್ ಅನ್ನುತ್ತಾರೆ. 1975ರಲ್ಲಿ ಆನ್ ಹಾರ್ಟ್‌ಮನ್ ಅನ್ನುವ ಸಮಾಜಕಾರ್ಯದ ಅಧ್ಯಾಪಕಿ ರೂಪಿಸಿದ್ದು. ಹಾಳೆಯ ನಡುವೆ ಒಂದು ವೃತ್ತ, ಅದರಲ್ಲಿ ಮನೆಯವರು. ಸುತ್ತ ಚಿಕ್ಕ ವೃತ್ತಗಳು: ಕೆಲಸ, ಶಾಲೆ, ಆಸ್ಪತ್ರೆ, ನೆಂಟರು, ಗೆಳೆಯರು, ಸರ್ಕಾರಿ ಕಚೇರಿ, ಸಾಲ ಕೊಟ್ಟವರು. ನಂಟು ಗಟ್ಟಿ ಇದ್ದರೆ ದಪ್ಪ ಗೆರೆ, ತೆಳುವಾಗಿದ್ದರೆ ಚುಕ್ಕಿ ಗೆರೆ, ಜಗಳ ಇದ್ದರೆ ಅಡ್ಡಗೀಟು ಹಾಕಿದ ಗೆರೆ. ಬಾಣದ ಗುರುತು ಶಕ್ತಿ ಯಾವ ಕಡೆ ಹರಿಯುತ್ತಿದೆ ಅಂತ ತೋರಿಸುತ್ತದೆ.

ಮೊದಲು ನಿಮ್ಮದೇ ನಕ್ಷೆ ಬರೆಯಿರಿ. ಎಲ್ಲ ಬಾಣಗಳೂ ನಿಮ್ಮಿಂದ ಹೊರಗೇ ಹೋಗುತ್ತಿದ್ದರೆ, ಒಳಗೆ ಬರುವುದು ಒಂದೂ ಇಲ್ಲದಿದ್ದರೆ, ಅದು ಕೋರ್ಸ್ ಶುರುವಾಗುವ ಮುಂಚೆ ನೋಡಿಕೊಳ್ಳಬೇಕಾದ ವಿಷಯ. ಆಮೇಲೆ ಈಗಿನ ಕೆಲಸದಲ್ಲಿ ನಿಮಗೆ ತಲೆನೋವಾಗಿರುವ ಒಬ್ಬರ ನಕ್ಷೆ ಬರೆಯಿರಿ. ಎಷ್ಟು ವೃತ್ತಗಳು ಖಾಲಿ ಉಳಿಯುತ್ತವೆ ನೋಡಿ. ವರ್ಷಗಟ್ಟಲೆ ಗೊತ್ತಿರುವ ವ್ಯಕ್ತಿಯ ರಾತ್ರಿಗಳ ಬಗ್ಗೆ, ಸಾಲದ ಬಗ್ಗೆ ನಮಗೆ ಏನೂ ಗೊತ್ತಿರುವುದಿಲ್ಲ. ಹಾಗಂತ ಓಡಿಹೋಗಿ ಕೇಳಬೇಡಿ. ಈಗ ನೀವಿರುವ ಕೆಲಸದಲ್ಲಿ ಆ ಪ್ರಶ್ನೆ ಕೇಳುವ ಹಕ್ಕು ನಿಮಗಿಲ್ಲ.

ಓದಿನ ವಿಷಯ ಚುಟುಕಾಗಿ ಹೇಳುತ್ತೇನೆ. ಅಂತರರಾಷ್ಟ್ರೀಯ ಸಮಾಜಕಾರ್ಯಕರ್ತರ ಒಕ್ಕೂಟವೂ ಸಮಾಜಕಾರ್ಯ ಶಾಲೆಗಳ ಅಂತರರಾಷ್ಟ್ರೀಯ ಸಂಘವೂ 2014ರಲ್ಲಿ ಒಪ್ಪಿಕೊಂಡ ಜಾಗತಿಕ ವ್ಯಾಖ್ಯೆ ಅರ್ಧ ಪುಟವೂ ಇಲ್ಲ. ಅದನ್ನು ನಿಧಾನವಾಗಿ ಓದಿ. ಸಾಮಾಜಿಕ ಬದಲಾವಣೆ, ಸಾಮಾಜಿಕ ನ್ಯಾಯ, ಮಾನವ ಹಕ್ಕು, ಸಾಮೂಹಿಕ ಹೊಣೆ ಇವೆಲ್ಲ ಅದರಲ್ಲಿವೆ. ಬಡವರಿಗೆ ಸಹಾಯ ಅನ್ನುವಷ್ಟಕ್ಕೇ ಈ ವೃತ್ತಿ ನಿಲ್ಲುವುದಿಲ್ಲ ಅಂತ ಆಗ ಗೊತ್ತಾಗುತ್ತದೆ. ನಿಮ್ಮ ದೇಶದ ಸಂಘಟನೆಯ ನೀತಿಸಂಹಿತೆ ಇದ್ದರೆ ಅದನ್ನೂ ಓದಿ. ಕೇಸ್ ವರ್ಕ್ (ಒಬ್ಬೊಬ್ಬರ ಜೊತೆ ಮಾಡುವ ಕೆಲಸ), ಗುಂಪು ಕೆಲಸ, ಸಮುದಾಯ ಸಂಘಟನೆ, ಈ ಮೂರು ವಿಧಾನಗಳ ಪರಿಚಯ ಇದ್ದರೆ ಸಾಕು. ನಿಮ್ಮ ಹಳೇ ವೃತ್ತಿಗೆ ದೂರವಾದದ್ದನ್ನೇ ಜಾಸ್ತಿ ಓದಿ. ನರ್ಸ್, ಮನಶ್ಶಾಸ್ತ್ರದವರು ಸಮುದಾಯ ಸಂಘಟನೆ ಓದಬೇಕು. ಸಂಘಟನೆಯಲ್ಲಿ ಪಳಗಿದವರು ಮನುಷ್ಯನ ಬೆಳವಣಿಗೆಯ ಬಗ್ಗೆ ಓದಬೇಕು. ಅಂಕಿಅಂಶ ಕಂಡರೆ ಹೆದರುವವರು ಸರಾಸರಿ, ಶೇಕಡಾ, ಮಾದರಿ ಆಯ್ಕೆ ಇಷ್ಟನ್ನು ಒಮ್ಮೆ ತಿರುವಿಹಾಕಿದರೆ ಸಂಶೋಧನೆಯ ಪೇಪರ್ ಬಂದಾಗ ನಿದ್ದೆಗೆಡುವುದು ತಪ್ಪುತ್ತದೆ.

ಅರ್ಜಿಯ ಪತ್ರ, ಸಂದರ್ಶನ, ಹಳೇ ಗಾಯ

ಅರ್ಜಿಯ ಜೊತೆ ಉದ್ದೇಶ ಪತ್ರ ಕೇಳುತ್ತಾರೆ. "ಚಿಕ್ಕಂದಿನಿಂದ ಜನಸೇವೆ ಮಾಡುವ ಆಸೆ" ಅಂತ ಶುರುವಾಗುವ ಪತ್ರಗಳು ರಾಶಿ ಇರುತ್ತವೆ. ಅದು ಸುಳ್ಳು ಅಂತಲ್ಲ, ಅದರಿಂದ ಓದುವವರಿಗೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ ಅಷ್ಟೇ. ಅದರ ಬದಲು ಹಳೇ ಕೆಲಸದಲ್ಲಿ ನಿಮ್ಮ ಕೈ ಕಟ್ಟಿಹೋದ ಒಂದು ಸಂದರ್ಭ ಬರೆಯಿರಿ. ನಿಮ್ಮ ವೃತ್ತಿಯಿಂದ ಏನು ಮಾಡಲು ಆಯಿತು, ಎಲ್ಲಿಗೆ ನಿಂತಿತು, ಅದರಾಚೆ ಏನು ಬೇಕಿತ್ತು. ಹಳೇ ವೃತ್ತಿಯನ್ನು ಬೈಯಬೇಡಿ. ಡಾಕ್ಟರುಗಳು ಕೇಳಿಸಿಕೊಳ್ಳಲ್ಲ, ಶಾಲೆಗಳು ಸರಿಯಿಲ್ಲ ಅಂತ ಬರೆದರೆ ನಾಳೆ ಅವರ ಜೊತೆಗೇ ಇವರು ಹೇಗೆ ಕೆಲಸ ಮಾಡುತ್ತಾರೆ ಅನ್ನುವ ಅನುಮಾನ ಬರುತ್ತದೆ.

ಸಂದರ್ಶನದಲ್ಲಿ ಗುಂಪು ಚರ್ಚೆ ಇದ್ದರೆ ಯಾರು ಚೆನ್ನಾಗಿ ಮಾತಾಡಿದರು ಅನ್ನುವುದರ ಜೊತೆಗೆ ಮಾತಾಡದೆ ಕೂತವರನ್ನು ಯಾರು ಗಮನಿಸಿದರು ಅಂತಲೂ ನೋಡುತ್ತಾರೆ. ಒಂದು ಸನ್ನಿವೇಶ ಕೊಟ್ಟು ಏನು ಮಾಡುತ್ತೀರಿ ಅಂತ ಕೇಳಿದರೆ ಪರಿಹಾರಕ್ಕೆ ಧಾವಿಸಬೇಡಿ. ಇನ್ನೂ ಏನೇನು ತಿಳಿದುಕೊಳ್ಳಬೇಕು ಅಂತ ಮೊದಲು ಹೇಳಿ.

ಅಲ್ಲೇ ಬರಬಹುದಾದ ಇನ್ನೊಂದು ಪ್ರಶ್ನೆ ನಿಮ್ಮ ಸ್ವಂತ ಬದುಕಿನದು. ಮನೆಯಲ್ಲಿ ಕುಡಿತ, ಹಿಂಸೆ, ಕಾಯಿಲೆ ನೋಡಿ ಬೆಳೆದವರು ಈ ವೃತ್ತಿಗೆ ಬರುವುದು ಅಪರೂಪ ಅಲ್ಲ. ಅದು ಅನರ್ಹತೆಯೂ ಅಲ್ಲ. ಆದರೆ ಎಷ್ಟು ಹೇಳುವುದು, ಎಷ್ಟು ಬಿಡುವುದು ಅನ್ನುವುದು ನಿಮ್ಮ ಆಯ್ಕೆ. ಹೇಳುವುದಾದರೆ ಏನಾಯಿತು ಅನ್ನುವುದಕ್ಕಿಂತ ಅದರ ಬಗ್ಗೆ ಈಗ ಯಾರ ಜೊತೆ ಮಾತಾಡುತ್ತೀರಿ, ಅಂಥದ್ದೇ ಕೇಸ್ ಬಂದರೆ ಹೇಗೆ ಸಂಭಾಳಿಸುತ್ತೀರಿ ಅನ್ನುವುದಕ್ಕೆ ಒತ್ತು ಕೊಡಿ. 1957ರಲ್ಲಿ ಫೀಲಿಕ್ಸ್ ಬೀಸ್ಟೆಕ್ ಅನ್ನುವ ಪಾದ್ರಿ, ಸಮಾಜಕಾರ್ಯದ ಪ್ರೊಫೆಸರ್ ಕೂಡ, ಕೇಸ್ ವರ್ಕ್‌ಗೆ ಏಳು ತತ್ವಗಳನ್ನು ಹೇಳಿದರು. ಗೌಪ್ಯತೆ, ಇದ್ದಂತೆ ಒಪ್ಪಿಕೊಳ್ಳುವುದು, ತೀರ್ಪು ಕೊಡದಿರುವುದು, ಸೇವಾರ್ಥಿಯೇ ತೀರ್ಮಾನಿಸುವ ಹಕ್ಕು, ಇವೆಲ್ಲ ಅದರಲ್ಲಿವೆ. ಅವುಗಳಲ್ಲೊಂದು ಹತೋಟಿಯಲ್ಲಿರುವ ಭಾವನಾತ್ಮಕ ಒಡನಾಟ. ಎದುರಿನವರ ನೋವು ತಟ್ಟಬೇಕು, ಆದರೆ ಕೊಚ್ಚಿಕೊಂಡು ಹೋಗಬಾರದು. ಹಳೇ ಗಾಯ ಇನ್ನೂ ಹಸಿಯಾಗಿದ್ದರೆ ಒಂದು ವರ್ಷ ತಡವಾಗಿ ಸೇರಿದರೂ ನಷ್ಟವಿಲ್ಲ. ಆ ವರ್ಷ ಯಾರಾದರೂ ಆಪ್ತಸಮಾಲೋಚಕರ ಜೊತೆ ಮಾತಾಡಿ.

ಹಳೇ ಪರವಾನಗಿ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನರ್ಸಿಂಗ್ ಅಥವಾ ವಕೀಲಿಕೆಯ ನೋಂದಣಿ ಇದ್ದರೆ ಕೋರ್ಸ್ ಸೇರಿದ ಖುಷಿಯಲ್ಲಿ ಅದನ್ನು ರದ್ದಾಗಲು ಬಿಡಬೇಡಿ. ಆರೋಗ್ಯ ಕ್ಷೇತ್ರದಲ್ಲೋ ಕಾನೂನು ನೆರವಿನಲ್ಲೋ ಸಮಾಜಕಾರ್ಯಕರ್ತರಾಗಿ ಕೆಲಸ ಹುಡುಕುವಾಗ ಎರಡೂ ಇರುವವರಿಗೆ ಬೆಲೆ ಜಾಸ್ತಿ. ಆದರೆ ಕ್ಷೇತ್ರಕಾರ್ಯದ ಜಾಗದಲ್ಲಿ ಆ ಹಳೇ ಪಾತ್ರ ವಹಿಸಿಕೊಳ್ಳಬೇಡಿ. ಸಂಸ್ಥೆಗೆ ಹೋದ ಮೊದಲ ವಾರವೇ ಯಾರಾದರೂ ಕೇಳುತ್ತಾರೆ: ನೀವು ನರ್ಸ್ ಅಂತೆ, ಸ್ವಲ್ಪ ಬಿಪಿ ನೋಡಿ. ನೀವು ವಕೀಲರಂತೆ, ಈ ನೋಟಿಸ್‌ಗೆ ಉತ್ತರ ಬರೆದುಕೊಡಿ. ನೋಡಿದರೆ, ಬರೆದುಕೊಟ್ಟರೆ ಅದರ ಹೊಣೆ ಯಾರದು? ಸಂಸ್ಥೆಯದಾ, ಕಾಲೇಜಿನದಾ, ನಿಮ್ಮದಾ? ಹೆಚ್ಚಿನ ಕಡೆ ಇದು ಬರಹದಲ್ಲಿ ಇರುವುದಿಲ್ಲ. ಮೊದಲ ಭೇಟಿಯಲ್ಲೇ ಮೇಲ್ವಿಚಾರಕರ ಹತ್ತಿರ ಈ ಮಾತು ಎತ್ತಿ. ವಿದ್ಯಾರ್ಥಿಯಾಗಿ ನಾನು ಏನು ಮಾಡಬಹುದು, ಏನು ಮಾಡಬಾರದು, ತುರ್ತು ಸಂದರ್ಭ ಬಂದರೆ ಯಾರನ್ನು ಕರೆಯಬೇಕು ಅನ್ನುವುದನ್ನು ಕ್ಷೇತ್ರಕಾರ್ಯದ ಒಪ್ಪಂದ ಪತ್ರದಲ್ಲೇ ಬರೆಸಿ, ಮೂರೂ ಕಡೆಯವರ ಸಹಿ ಹಾಕಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.